ಪಡಿಗರ್ಭ

ಮಂಗಳವಾರ ಬೆಳಗ್ಗೆ ಏಳೂವರೆಗೆ, ಬೆಟಗೇರಿಯ ಒಂದು ಓಣಿಯಲ್ಲಿ, ವಾಲ್ವಿನ ಗುಂಡಿಯ ಪಕ್ಕ ಪ್ರಮೀಳಾ ಬಡಿಗೇರ ಕುಸಿದು ಬಿದ್ದಳು. ಊರಿಗೆ ನೀರು ಬಿಡುವ ಕೆಲಸ ಅವಳದು. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಗುಂಡಿಗೆ ಇಳಿಸಿ, ಹದಿನಾಲ್ಕು ಸುತ್ತು ತಿರುಗಿಸಿ ಆ ಓಣಿಗೆ ನೀರು ಬಿಟ್ಟಾಗಿತ್ತು. ನಿಲ್ಲಿಸುವ ಹೊತ್ತಿಗೆ ಅವಳಿಗೆ ಎಚ್ಚರವಿರಲಿಲ್ಲ. ಕೊಡ, ಬಕೀಟು, ಸಿಂಟೆಕ್ಸು ಎಲ್ಲ ತುಂಬಿ ನೀರು ರಸ್ತೆಗೆ ಹರಿದ ಮೇಲೆಯೇ ಜನ ಹೊರಗೆ ಬಂದು ನೋಡಿದ್ದು. ಅವಳು ಬಿದ್ದಲ್ಲಿ ನೀರು ಕೆಂಪಗಾಗಿತ್ತು. ತಲೆಗೆ ಪೆಟ್ಟಾಗಿದೆ ಎಂದುಕೊಂಡು ಒಬ್ಬಾಕೆ ಕೂದಲು ಸರಿಸಿ ಹುಡುಕಿದಳು. ಗಾಯವೇ ಸಿಗಲಿಲ್ಲ.

ಗದಗಿನ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಸ್ಕ್ಯಾನಿಂಗ್ ಮಾಡಿದ ಡಾಕ್ಟರು, ಗರ್ಭಕೋಶದಲ್ಲಿ ಒಂಬತ್ತು ಗಂಟುಗಳಿವೆ, ಫೈಬ್ರಾಯ್ಡ್ ಅನ್ನುತ್ತಾರೆ, ಎಲ್ಲಕ್ಕಿಂತ ದೊಡ್ಡದು ಮೋಸಂಬಿಗಿಂತ ದಪ್ಪ ಇದೆ ಎಂದರು. ನಲವತ್ತೊಂದು ವರ್ಷದ ಪ್ರಮೀಳಾಳ ಹೊಟ್ಟೆ ಐದು ತಿಂಗಳ ಬಸುರಿಯ ಹೊಟ್ಟೆಯಂತಾಗಿ ವರ್ಷವಾಗಿತ್ತು. ನೀರು ಬಿಡಲು ಹೋದ ಓಣಿಗಳಲ್ಲಿ ಹೆಂಗಸರು ನಕ್ಕು ಮಾತಾಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಬೊಜ್ಜು ಎಂದೇ ಅವಳು ತಿಳಿದಿದ್ದಳು.

"ಇದಕ್ಕ ಏನ್ ಮಾಡ್ಬೇಕ್ರಿ?" ಎಂದು ಕೇಳಿದ್ದಕ್ಕೆ ಡಾಕ್ಟರು ಒಂದೇ ಉಸಿರಿನಲ್ಲಿ ಹೇಳಿದರು. ಗುಳಿಗೆ ತಗೊಂಡು ರಕ್ತ ಕಡಿಮೆ ಮಾಡಿಕೊಳ್ಳಬಹುದು. ಇಂಜೆಕ್ಷನ್ ಕೊಟ್ಟು ಗಂಟು ಕುಗ್ಗಿಸಬಹುದು, ಆದರೆ ಬಹಳ ದಿನ ಕೊಟ್ಟರೆ ಮೂಳೆ ಸವೆಯುತ್ತದೆ. ಗಂಟಿಗೆ ರಕ್ತ ಒಯ್ಯುವ ನಾಳವನ್ನು ಮುಚ್ಚಬಹುದು. ಶಬ್ದದ ಅಲೆಗಳ ಶಾಖದಿಂದ ಸುಡಬಹುದು. ಗಂಟುಗಳನ್ನಷ್ಟೇ ಕೊಯ್ದು ತೆಗೆಯಬಹುದು, ಆದರೆ ಮತ್ತೆ ಬೆಳೆಯಲೂಬಹುದು. ಗರ್ಭಕೋಶವನ್ನೇ ತೆಗೆದುಬಿಡಬಹುದು. ಇಲ್ಲವೇ ಮುಟ್ಟು ನಿಲ್ಲುವತನಕ ಕಾಯಬಹುದು, ಆಮೇಲೆ ತಾವಾಗಿಯೇ ಕುಗ್ಗುತ್ತವೆ.

"ಇದರಾಗ ಯಾವುದು ಚಲೋರಿ?"

"ಎಲ್ಲಾ ಚಲೋನ. ನೀವು ವಿಚಾರ ಮಾಡಿ ಹೇಳ್ರಿ" ಎಂದು ಅವರು ಮುಂದಿನ ಹೆಸರು ಕೂಗಿಸಿದರು.

ಪ್ರಮೀಳಾ ವಿಚಾರ ಮಾಡಿದಳು. ಮಾಡಿದಷ್ಟೂ ತಲೆ ಗೊಜಲಾಯಿತು. ಅತ್ತೆ ಕಾಳವ್ವನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. "ಎರಡು ಮಕ್ಕಳಾದ್ವು, ಇನ್ನ ಯಾಕ ಬೇಕು ಆ ಚೀಲ? ತೆಗಿಸಿ ಒಗಿ. ಗಂಡಸರು ತಿರುವೋ ಚಾವಿ ಹೆಂಗಸು ತಿರುವಿದ್ರ ಹೊಟ್ಯಾಗ ಗಂಟ ಆಗೂದ."

ಅಕ್ಕ ಇಂದ್ರವ್ವ ಅದೇ ಮಾತಿಗೆ ಬೆಚ್ಚಿಬಿದ್ದಳು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಬಿಳಿ ಹೋಗುತ್ತದೆ ಎಂದು ತೋರಿಸಲು ಹೋದವಳನ್ನು "ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ, ಒಂದು ನರ್ಸಿಂಗ್ ಹೋಮಿನವರು ಅವಳ ಚೀಲ ತೆಗೆದುಹಾಕಿದ್ದರು. ಮರುವರ್ಷದಿಂದಲೇ ಮೈ ಕುದಿಯುವುದು, ನಿದ್ದೆ ಹಾರುವುದು, ಕೀಲು ನೋವು. ಈಗ ನಲವತ್ತಾರಕ್ಕೆ ಗೋಡೆ ಹಿಡಿಯದೆ ಏಳಲಾರಳು. "ತಂಗಿ, ನಾ ಹಾಳಾಗಿದ್ದು ಸಾಕು. ನೀ ಒಬ್ಬ ಡಾಕ್ಟರ್ ಮಾತು ಕೇಳಿ ಮಲಕೋಬ್ಯಾಡ" ಎಂದಳು.

ಒಂದು ದಿನ ಅತ್ತೆಯ ಮಾತು ಸರಿ ಎನ್ನಿಸಿದರೆ ಮರುದಿನ ಅಕ್ಕನದು. ಗಂಡ ಮೌನೇಶ ಬಾಗಿಲು ಚೌಕಟ್ಟು ಮಾಡುವ ಬಡಗಿ, ಅಳತೆ ಪಟ್ಟಿ ಬಿಟ್ಟು ಇನ್ನೇನನ್ನೂ ನಂಬಿದವನಲ್ಲ. ಅವನಿಗೆ ಗಿರಾಕಿಯೊಬ್ಬರು ಹುಬ್ಬಳ್ಳಿಯ ಸಂಶೋಧನಾ ಆಸ್ಪತ್ರೆಯ ಸುದ್ದಿ ಹೇಳಿದರು. ಅಲ್ಲಿ ಪಡಿಗರ್ಭ ಎಂದು ರೋಗಿಯ ಗರ್ಭಕೋಶದ್ದೇ ಸಣ್ಣ ಪಡಿಯಚ್ಚನ್ನು ಬೆಳೆಸುತ್ತಾರಂತೆ. ಯಾವ ಚಿಕಿತ್ಸೆ ಕೊಟ್ಟರೆ ಮುಂದೆ ಹತ್ತು ವರ್ಷ ಏನಾಗುತ್ತದೆ ಎಂದು ಅದರ ಮೇಲೆ ಮೊದಲೇ ಮಾಡಿ ನೋಡುತ್ತಾರಂತೆ.

"ಅಳತಿ ನೋಡಿ ಕೊಯ್ಯೂದು ಅಂದಂಗಾತು. ನಡಿ ಹೋಗೂಣು" ಎಂದ ಮೌನೇಶ.

ಪಡಿಗರ್ಭದ ಪ್ರಯೋಗ ನಡೆಸುತ್ತಿದ್ದವರು ಡಾಕ್ಟರ್ ಹಸೀನಾ ನದಾಫ್. ಐವತ್ತರ ಹತ್ತಿರದ ಹೆಂಗಸು. ರೋಗಿಯ ಎದುರು ಮೇಜಿನಾಚೆ ಕೂರದೆ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಪ್ರಮೀಳಕ್ಕ, ಗರ್ಭಚೀಲ ಅಂದ್ರ ಸ್ನಾಯು. ಕೋಟಿಗಟ್ಟಲೆ ಕೋಶ ಇರ್ತಾವು. ಅದರಾಗ ಒಂದ ಒಂದು ಕೋಶ ದಾರಿ ತಪ್ಪಿ, ತನ್ನನ್ನ ತಾನ ನಕಲು ಮಾಡಕೊಂತ ಹೋಗತೈತಿ. ಅದ ಗಂಟು. ಒಂಬತ್ತು ಗಂಟು ಅಂದ್ರ ಹಂಗ ದಾರಿ ತಪ್ಪಿದಾವು ಒಂಬತ್ತು. ಇದು ಕ್ಯಾನ್ಸರ್ ಆಗೂದು ಸಾವಿರಕ್ಕೊಂದೂ ಇಲ್ಲ."

"ಚಾವಿ ತಿರುವಿದ್ದಕ್ಕ ಆಗೇತೇನ್ರಿ?"

"ಚಾವಿ ಮುಟ್ಟದಾಕಿಗೂ ಆಗತೈತಿ. ನನಗೂ ಎರಡ ಅದಾವ."

ಡಾಕ್ಟರಿಗೂ ಇದೆ ಎಂದರೆ ಸಮಾಧಾನಪಡಬೇಕೋ ಹೆದರಬೇಕೋ ಪ್ರಮೀಳಾಳಿಗೆ ತಿಳಿಯಲಿಲ್ಲ.

ಪಡಿಗರ್ಭ ಬೆಳೆಸಲು ಬೇಕಾದದ್ದು ಅವಳ ಮುಟ್ಟಿನ ರಕ್ತ. ಅದರಲ್ಲಿ ಗರ್ಭಕೋಶದ ಒಳಪದರದ ಕಾಂಡಕೋಶಗಳಿರುತ್ತವೆ. ಅವನ್ನು ಪಳಗಿಸಿದರೆ ಪದರವೂ ಆಗುತ್ತವೆ, ಸ್ನಾಯುವೂ ಆಗುತ್ತವೆ. ಆಮೇಲೆ ಯಂತ್ರವು ಸ್ಕ್ಯಾನಿಂಗಿನ ನಕ್ಷೆ ನೋಡಿಕೊಂಡು, ಎಲ್ಲೆಲ್ಲಿ ಗಂಟಿದೆಯೋ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಎಲ್ಲವೂ ಹತ್ತರಲ್ಲಿ ಒಂದು ಪಾಲಿನ ಅಳತೆ. ರಕ್ತವನ್ನು ಮುಟ್ಟಿನ ಬಟ್ಟಲಿನಲ್ಲಿ ಹಿಡಿದು, ಬಾಟಲಿಗೆ ಸುರಿದು, ಎರಡು ದಿನ ತಣ್ಣಗಿಟ್ಟು ತರಬೇಕು.

ತಣ್ಣಗಿಡುವ ಜಾಗ ಮನೆಯಲ್ಲಿ ಒಂದೇ ಇತ್ತು. ಪ್ರಮೀಳಾ ಬಾಟಲಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ಫ್ರಿಜ್ಜಿನ ಮೂಲೆಯಲ್ಲಿಟ್ಟಳು. ಸಂಜೆ ಮೊಸರು ತೆಗೆಯಲು ಬಂದ ಕಾಳವ್ವ ಚೀಲ ಬಿಚ್ಚಿ ನೋಡಿದಳು.

"ಮೌನ್ಯಾ! ಬಾ ಇಲ್ಲೆ! ನಿನ್ನ ಹೆಂಡ್ತಿ ಏನ್ ಇಟ್ಟಾಳ ನೋಡು! ಇದು ಇಲ್ಲಿದ್ರ ನಾ ಈ ಮನ್ಯಾಗ ಒಂದು ತುತ್ತು ಉಣ್ಣಂಗಿಲ್ಲ. ನಮ್ಮ ಕಾಲದಾಗ ಹೊರಗ ಕೂತ್ರ ನಮ್ಮ ನೆರಳ ಸೈತ ಪಡಸಾಲಿಗೆ ಬೀಳ್ತಿರಲಿಲ್ಲ!"

"ಅತ್ತೀ, ಅದು ಔಷಧಕ್ಕ ಬೇಕ್ರಿ" ಎಂದಳು ಪ್ರಮೀಳಾ.

"ಹೊಲಸಿಂದ ಔಷಧ ಆಗತೈತೇನ? ಯಾ ಊರಾಗ?"

ಅತ್ತೆ ಹೇಳುವುದರಲ್ಲೂ ಏನೋ ಇದೆ ಎನ್ನಿಸಿ ಪ್ರಮೀಳಾ ಬಾಟಲಿ ಹಿಡಿದು ನಿಂತುಬಿಟ್ಟಳು. ಇಪ್ಪತ್ತೇಳು ವರ್ಷ ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟದ್ದನ್ನು ಹೀಗೆ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಲ್ಲುವುದು ಅವಳಿಗೂ ವಿಚಿತ್ರವೇ ಆಗಿತ್ತು. ಮೌನೇಶ ಅಂಗಡಿಗೆ ಹೋಗಿ, ಸಾಗವಾನಿಯ ಚೂರುಗಳನ್ನು ಜೋಡಿಸಿ, ಒಳಗೆ ಥರ್ಮಾಕೋಲ್ ಬಡಿದು ಒಂದು ಪೆಟ್ಟಿಗೆ ಮಾಡಿದ. ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫ ತಂದು ತುಂಬಿ, ಬಾಟಲಿಯನ್ನು ಅದರಲ್ಲಿಟ್ಟು, ತನ್ನ ಕೆಲಸದ ಹಲಗೆಯ ಕೆಳಗೆ ಸರಿಸಿದ. ಮೂರನೆಯ ದಿನ ಹುಬ್ಬಳ್ಳಿ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನೇ ಕುಳಿತ. ಪಕ್ಕದವರು "ಏನ್ರಿ, ಮೀನಾ?" ಎಂದು ಕೇಳಿದ್ದಕ್ಕೆ "ಅಲ್ರಿ, ಬೀಜ" ಎಂದ.

ಮೂರು ವಾರದ ನಂತರ ಪ್ರಯೋಗಾಲಯದಿಂದ ಕರೆ ಬಂತು. ಇಂದ್ರವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಅಕ್ಕತಂಗಿಯರನ್ನು ಡಾಕ್ಟರ್ ಹಸೀನಾ ಒಂದು ಬೆಚ್ಚನೆಯ ಕೋಣೆಗೆ ಕರೆದೊಯ್ದರು. ಗಾಜಿನ ಬಟ್ಟಲುಗಳ ಸಾಲು. ತಿಳಿಗೆಂಪು ದ್ರವದಲ್ಲಿ ಬೋರೆಹಣ್ಣಿನ ಗಾತ್ರದ ಒಂದೊಂದು ಮಾಂಸದ ಮುದ್ದೆ ಕುಳಿತಿತ್ತು. ಮೈಮೇಲೆ ಸಣ್ಣ ದೊಡ್ಡ ಉಬ್ಬುಗಳು. ಪ್ರಮೀಳಾ ಬಾಗಿ ನೋಡಿದಾಗ ಒಂದು ಮುದ್ದೆ ಮೆಲ್ಲಗೆ ಹಿಂಡಿಕೊಂಡು ಬಿಟ್ಟುಕೊಂಡಿತು. ಅವಳು ಗಾಬರಿಯಿಂದ ತನ್ನ ಹೊಟ್ಟೆ ಹಿಡಿದುಕೊಂಡಳು.

"ಇವು ಆರೂ ನಾನ ಏನ್ರಿ?"

"ನಿಮ್ಮ ಪಡಿಯಚ್ಚು. ಇವಕ್ಕ ಮೂರು ದಿನ ಅಂದ್ರ ಒಂದು ವರ್ಷ. ಆರು ತಾಸಿಗೊಮ್ಮೆ ಮುಟ್ಟಾಗ್ತಾವು. ಮೊದಲನೇದಕ್ಕ ಏನೂ ಮಾಡಂಗಿಲ್ಲ, ಸುಮ್ಮನ ಬಿಡೂದು. ಎರಡನೇದಕ್ಕ ಗುಳಿಗಿ. ಮೂರಕ್ಕ ಇಂಜೆಕ್ಷನ್. ನಾಲ್ಕಕ್ಕ ರಕ್ತನಾಳ ಮುಚ್ಚೂದು. ಐದಕ್ಕ ಶಾಖ. ಆರರಾಗ ಗಂಟು ಕೊಯ್ದು ತೆಗಿಯೂದು. ಒಂದು ತಿಂಗಳು ತಡೀರಿ, ಹತ್ತು ವರ್ಷದ್ದು ಗೊತ್ತಾಗತೈತಿ."

ಸಾಲಿನ ಕೊನೆಗೆ ಏಳನೆಯ ಬಟ್ಟಲೊಂದಿತ್ತು. ಅದರಲ್ಲಿ ಬರೀ ದ್ರವ. ಇಂದ್ರವ್ವ ಅದರೆದುರು ನಿಂತಿದ್ದಳು.

"ಇದರಾಗ ಏನೂ ಇಲ್ಲಲ್ರಿ?"

ಡಾಕ್ಟರ್ ಅವಳ ಹತ್ತಿರ ಬಂದು, "ಅದು ಚೀಲ ತೆಗೆದದ್ದು ಅಕ್ಕಾರ. ಲೆಕ್ಕಕ್ಕಂತ ಇಡ್ತೀವಿ" ಎಂದರು.

ಇಂದ್ರವ್ವ ಗಾಜಿನ ಮೇಲೆ ಬೆರಳಿಟ್ಟಳು. "ಹಂಗಾರ ಇದು ನಂದು" ಎಂದಳು. ಆಮೇಲೆ, "ಚೀಲದ ಜೋಡಿ ಇನ್ನೂ ಏನಾರ ತೆಗೀತಾರೇನ್ರಿ?"

"ಅಂಡಾಶಯ ಅಂತ ಎರಡು ಇರ್ತಾವು. ಅವನ್ನ ಬಿಟ್ರ ಮೈ ಅಷ್ಟು ಕೆಡಂಗಿಲ್ಲ. ನಿಮ್ಮ ಕಾಗದದಾಗ ಏನಂತ ಬರದಾರ?"

"ನನಗ ಕಾಗದ ಯಾರೂ ಕೊಡಲಿಲ್ಲ."

ಡಾಕ್ಟರ್ ಹಸೀನಾ ಅವಳನ್ನು ಅಲ್ಲೇ ಕೂರಿಸಿ, ರಕ್ತ ತೆಗೆಸಿ, ಮೂಳೆ ಪರೀಕ್ಷೆಗೆ ಬರೆದುಕೊಟ್ಟರು. ಎರಡೂ ಅಂಡಾಶಯ ಇಲ್ಲವೆಂಬುದು ಅದೇ ವಾರ ಗೊತ್ತಾಯಿತು. ಇಂದ್ರವ್ವನಿಗೆ ಮೂಳೆಯ ಔಷಧ ಶುರುವಾಯಿತು. ಹದಿನೇಳು ವರ್ಷದ ಬೇನೆಗೆ ಒಂದು ಹೆಸರು ಸಿಕ್ಕಿತೆಂದು ಅವಳು ಅತ್ತಳು. ಅದು ದುಃಖವೋ ಸಮಾಧಾನವೋ ಪ್ರಮೀಳಾಳಿಗೆ ಗೊತ್ತಾಗಲಿಲ್ಲ, ಬೆನ್ನು ಸವರಿದಳು.

ಆ ತಿಂಗಳು ಪ್ರಮೀಳಾ ಹದಿಮೂರು ದಿನ ಹೊರಗಾದಳು. ಚಾವಿ ತಿರುವುವಾಗ ಎರಡೆರಡು ಪ್ಯಾಡು, ಮೇಲೆ ಹಳೆ ಸೀರೆಯ ಬಟ್ಟೆ. ಹಾಗಿದ್ದೂ ಮೂರನೆಯ ಓಣಿಗೆ ಬರುವಷ್ಟರಲ್ಲಿ ಒದ್ದೆ. ಯಾರ ಮನೆಯ ಬಚ್ಚಲಿಗೆ ಹೋಗಲಿ ಎಂದು ಬಾಗಿಲು ಬಾಗಿಲು ನೋಡುತ್ತಾ ನಡೆಯುವುದು ಅವಳಿಗೆ ಅಭ್ಯಾಸವಾಗಿತ್ತು. ಯಾವ ಬಟ್ಟಲಿನ ಗರ್ಭ ಗೆಲ್ಲುತ್ತಿದೆಯೋ ಎಂದು ದಿನವೂ ಯೋಚಿಸುತ್ತಿದ್ದಳು. ಯಾವುದಾದರೂ ಒಂದು ಗೆಲ್ಲಲಿ, ತಾನು ಯೋಚಿಸುವುದು ನಿಲ್ಲಲಿ.

ಫಲಿತಾಂಶದ ದಿನ ಡಾಕ್ಟರ್ ಹಸೀನಾ ಖುಷಿಯಲ್ಲಿದ್ದರು. "ಪ್ರಮೀಳಕ್ಕ, ಆರೂ ಆರಾಮ ಅದಾವು. ಸುಮ್ಮನ ಬಿಟ್ಟ ಬಟ್ಟಲದಾಗ ಸೈತ ರಕ್ತ ಬಾಳ ಹೋಗಿಲ್ಲ. ನಿಮ್ಮ ದೊಡ್ಡ ಗಂಟು ಚೀಲದ ಹೊರಮೈಗೆ ಐತಿ. ಅದು ಹೊಟ್ಟಿ ಉಬ್ಬಸತೈತಿ, ರಕ್ತ ಹರಸಂಗಿಲ್ಲ. ಕಬ್ಬಿಣದ ಗುಳಿಗಿ ತಗೊಂಡು ಕಾಯ್ರಿ, ಸಾಕು."

ಪ್ರಮೀಳಾ ಅರ್ಥವಾಗದೆ ಗಂಡನ ಮುಖ ನೋಡಿದಳು. "ಮತ್ತ ನನಗ ಹೋಗೂದು?"

"ಬ್ಯಾರೆ ಏನಾರ ಕಾರಣ ಇರಬೇಕು." ಥೈರಾಯ್ಡ್, ರಕ್ತ ಹೆಪ್ಪುಗಟ್ಟುವಿಕೆ, ಎಲ್ಲ ಪರೀಕ್ಷೆಗೂ ಬರೆದರು. ಎಲ್ಲವೂ ಸರಿ ಇದೆ ಎಂದು ವರದಿ ಬಂತು. ಪಡಿಗರ್ಭದ ವರದಿಯ ಮೇಲೆ "ಚಿಕಿತ್ಸೆ ಅಗತ್ಯವಿಲ್ಲ" ಎಂಬ ಮುದ್ರೆ ಬಿತ್ತು.

ಕಾಳವ್ವ ಮುದ್ರೆಯನ್ನು ಮೊಮ್ಮಗಳಿಂದ ಓದಿಸಿ ಕೇಳಿದಳು. "ಏನೂ ಆಗಿಲ್ಲಂತ. ಬರೇ ಕೆಲಸ ತಪ್ಪಸಾಕ ಸೋಗು."

ಪ್ರಮೀಳಾ ಬಚ್ಚಲಿನಲ್ಲಿ ಕುಳಿತು, ತೋಯ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಇದು ನಿಜಕ್ಕೂ ಅಷ್ಟು ಜಾಸ್ತಿಯೋ, ಅಥವಾ ಎಲ್ಲ ಹೆಂಗಸರಿಗೂ ಇಷ್ಟೇ ಹೋಗುತ್ತದೋ? ತನಗೊಬ್ಬಳಿಗೆ ತಡೆಯುವ ತ್ರಾಣ ಇಲ್ಲವೋ? ಯಾರನ್ನು ಕೇಳುವುದು? ಎರಡು ವಾರ ಹೀಗೇ ಕಳೆಯಿತು. ಮತ್ತೊಮ್ಮೆ ವಾಲ್ವಿನ ಬಳಿ ಕಣ್ಣು ಕತ್ತಲೆಗಟ್ಟಿ ಕೂತಾಗ ಅವಳ ಮನಸ್ಸಿಗೆ ಒಂದು ಮಾತು ಬಂತು. ಮೀಟರು ಸರಿ ತೋರಿಸುತ್ತಿದ್ದು, ರಸ್ತೆ ಮಾತ್ರ ಹಸಿಯಾಗಿದ್ದರೆ ಅವಳು ಮೀಟರನ್ನು ನಂಬುತ್ತಿರಲಿಲ್ಲ. ಅಗೆಸುತ್ತಿದ್ದಳು.

ಮರುದಿನ ರಜೆ ಹಾಕಿ ಒಬ್ಬಳೇ ಹುಬ್ಬಳ್ಳಿಗೆ ಹೋದಳು. ನೀರು ಬಿಟ್ಟ ವೇಳೆ ಬರೆಯುವ ದಫ್ತರದ ಹಿಂಬದಿಯ ಹಾಳೆಗಳಲ್ಲಿ ಅವಳು ಒಂದೂವರೆ ವರ್ಷದಿಂದ ಇನ್ನೊಂದು ಲೆಕ್ಕ ಬರೆಯುತ್ತಿದ್ದಳು. ಯಾವ ದಿನ, ಎಷ್ಟು ಪ್ಯಾಡು, ಎಷ್ಟು ದೊಡ್ಡ ಹೆಪ್ಪು, ಎಲ್ಲಿ ಕೂತುಬಿಟ್ಟೆ. ಅದನ್ನು ಡಾಕ್ಟರರ ಮುಂದೆ ಇಟ್ಟಳು.

"ಮೇಡಂ, ಬಟ್ಟಲದಾಗಿನಾಕಿಗೆ ಹೋಗೂದಿಲ್ಲ, ನನಗ ಹೋಗತೈತಿ. ಇಬ್ಬರೊಳಗ ಯಾರೋ ಒಬ್ಬರು ಸುಳ್ಳ ಹೇಳಾಕತ್ತೀವಿ. ನಾ ಅಂತೂ ಅಲ್ಲ. ಅಲ್ಲ ಅಂತ ಅನಸತೈತಿ."

ಡಾಕ್ಟರ್ ಹಸೀನಾ ಹಾಳೆ ತಿರುವಿದರು. ತಿರುವುತ್ತಾ ಅವರ ಮುಖ ಬದಲಾಯಿತು. "ಹದಿಮೂರು ದಿನ... ಲಿಂಬಿಹಣ್ಣಿನಷ್ಟು ಹೆಪ್ಪು... ಪ್ರಮೀಳಕ್ಕ, ಇದನ್ನ ಮೊದಲ ಯಾಕ ತೋರಸಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಅವರು ಎದ್ದು ಬಟ್ಟಲುಗಳ ಕೋಣೆಗೆ ನಡೆದರು. ಪ್ರಮೀಳಾ ಹಿಂದೆ ಹೋದಳು. ಡಾಕ್ಟರು ಪರದೆಯ ಮೇಲೆ ಅಂಕಿಗಳನ್ನು ನೋಡುತ್ತಿದ್ದಾಗ, ತನಗೆ ಅಂಕಿ ತಿಳಿಯದೆಂದು ಪ್ರಮೀಳಾ ಮೊದಲನೆಯ ಬಟ್ಟಲಿನ ಗರ್ಭವನ್ನೇ ನೋಡುತ್ತ ನಿಂತಳು. ಸುಮ್ಮನೆ ನಿಂತಾಗ ಎಣಿಸುವುದು ಅವಳ ಸ್ವಭಾವ. ದೊಡ್ಡದು ಒಂದು, ಪಕ್ಕಕ್ಕೆ ಎರಡು, ಮೇಲೆ ಮೂರು. ಹಿಂಬದಿ ಕಾಣಲು ಬಟ್ಟಲಿನ ತಟ್ಟೆ ತಿರುಗಿಸಿದಳು. ಅಲ್ಲಿ ಎರಡು. ಒಳಗಿನದೂ ಕಾಣಲೆಂದು ಡಾಕ್ಟರು ಅದರ ಸೀಳುಚಿತ್ರವನ್ನು ಪರದೆಗೆ ತಂದರು. ಒಳಗೆ ನುಣುಪು.

"ಎಂಟು" ಎಂದಳು.

"ಏನು?"

"ಗದಗಿನ ಕಾಗದದಾಗ ಒಂಬತ್ತು ಅಂತ ಬರದಾರ್ರಿ. ಇಲ್ಲಿ ಎಂಟ ಅದಾವ. ಇನ್ನೊಂದು ಎಲ್ಲಿ ಹೋತು?"

ಡಾಕ್ಟರ್ ಹಸೀನಾ ಮೂಲ ಸ್ಕ್ಯಾನಿಂಗ್ ತೆರೆದರು. ವರದಿಯ ಕೊನೆಯ ಸಾಲು: "ಒಂಬತ್ತನೆಯದು, ಒಂಬತ್ತು ಮಿಲಿಮೀಟರ್, ಒಳಪದರಕ್ಕೆ ಅಂಟಿಕೊಂಡಿದೆ, ಗಮನಾರ್ಹವಲ್ಲ." ನಿಜವಾದ ಚೀಲದಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದು. ಪಡಿಗರ್ಭದ ಅಳತೆಗೆ ಇಳಿಸಿದರೆ ಗಸಗಸೆ ಕಾಳಷ್ಟು. ಅಷ್ಟು ಸಣ್ಣದನ್ನು ಚಿತ್ರದ ದೋಷವೆಂದು ತಿಳಿದು ಬಿಟ್ಟುಬಿಡಬೇಕೆಂದು ಯಂತ್ರಕ್ಕೆ ನಿಯಮ ಹಾಕಿದವರು ಹಸೀನಾ ಅವರೇ.

ಅವರು ಕುರ್ಚಿಯಲ್ಲಿ ಕುಸಿದರು. "ಗಂಟು ಎಷ್ಟು ದೊಡ್ಡದು ಅನ್ನೂದಕ್ಕಿಂತ ಎಲ್ಲೈತಿ ಅನ್ನೂದು ಮುಖ್ಯ ಅಂತ ನಾನ ಕಾಲೇಜಿನ ಮಕ್ಕಳಿಗೆ ಪಾಠ ಹೇಳ್ತೀನಿ. ಒಳಪದರದ್ದು ಕಾಳಷ್ಟಿದ್ರೂ ರಕ್ತ ಹರಸತೈತಿ. ನಾನ ಅದನ್ನ ಗುಡಿಸಿ ಒಗದೀನಿ."

ಉಳಿದಿದ್ದ ಕೋಶಗಳಿಂದ ಹೊಸದೊಂದು ಪಡಿಗರ್ಭ ಬೆಳೆಸಿದರು. ಈ ಸಲ ಗಸಗಸೆಯಷ್ಟು ಗಂಟು ಒಳಗೆ ಕುಳಿತಿತ್ತು. ನೋಡಲು ಬನ್ನಿ ಎಂದು ಕರೆದ ದಿನ ಪ್ರಮೀಳಾ ಹೋಗಿ ಬಟ್ಟಲಿನ ಮುಂದೆ ಕುಳಿತಳು. ಮಧ್ಯಾಹ್ನದ ಊಟದ ಹೊತ್ತಿಗೆ ಮುದ್ದೆ ಹಿಂಡಿಕೊಂಡಿತು. ಒಂದು ಎಳೆ ಕೆಂಪು ಇಳಿಯಿತು, ಇನ್ನೊಂದು, ನಂತರ ನಿಲ್ಲಲೇ ಇಲ್ಲ. ತಾಸಿನೊಳಗೆ ಬಟ್ಟಲು ದಾಸವಾಳದ ಬಣ್ಣಕ್ಕೆ ತಿರುಗಿತು. ಯಂತ್ರ ಎಚ್ಚರಿಕೆಯ ಸದ್ದು ಮಾಡಿತು.

ಪ್ರಮೀಳಾಳ ಕಣ್ಣಲ್ಲಿ ನೀರು ಬಂತು. ಸಂತೋಷ ಎನ್ನಬೇಕೆಂದರೆ ಅಲ್ಲಿದ್ದದ್ದು ರಕ್ತ. "ಹಿಂಗ ನೋಡ್ರಿ ಮೇಡಂ. ಹಿಂಗ ಹೋಗೂದು ನನಗ" ಎಂದಳು.

ಅವಳೊಳಗಿನ ಆ ಒಂಬತ್ತನೆಯ ಗಂಟನ್ನು ತೆಗೆಯಲು ಹೊಟ್ಟೆ ಕೊಯ್ಯಬೇಕಿರಲಿಲ್ಲ. ಸಹಜ ದಾರಿಯಿಂದಲೇ ಸಣ್ಣ ದುರ್ಬೀನು ಇಳಿಸಿ, ಅರ್ಧ ತಾಸಿನಲ್ಲಿ ಕೆತ್ತಿ ತೆಗೆದರು. ಮರುದಿನ ಮನೆಗೆ ಕಳಿಸುವಾಗ ಪ್ರಮೀಳಾ ಕೇಳಿದಳು, "ಉಳಿದ ಎಂಟು?"

"ಬಿಡಬಹುದು. ಹೊಟ್ಟಿ ಭಾರ ತಡ್ಯಾಕ ಆಗಲಿಲ್ಲಂದ್ರ, ಮೂತ್ರಕ್ಕ ತೊಂದ್ರಿ ಆತಂದ್ರ ಆವಾಗ ವಿಚಾರ ಮಾಡೂಣು. ಹೊಸಾದು ಹುಟ್ಟಲೂಬಹುದು."

"ಬಟ್ಟಲ ಏನಂತೈತ್ರಿ?"

"ಬಟ್ಟಲಕ್ಕ ನಿಮ್ಮ ಓಣಿ ಗೊತ್ತಿಲ್ಲ, ಚಾವಿ ಗೊತ್ತಿಲ್ಲ, ಪ್ರಮೀಳಕ್ಕ. ನೀವು ಹೇಳಬೇಕು, ಅದು ಕೇಳಬೇಕು. ನಾ ಉಲ್ಟಾ ಮಾಡಿದ್ದೆ."

ಮುಂದಿನ ತಿಂಗಳು ಐದು ದಿನ ಹೋಗಿ ನಿಂತಿತು. ಆರನೆಯ ದಿನ ಪ್ರಮೀಳಾ ರೂಢಿಯಂತೆ ಬಟ್ಟೆ ಕಟ್ಟಿಕೊಂಡೇ ನೀರು ಬಿಡಲು ಹೋದಳು. ಏಳನೆಯ ದಿನವೂ ಹೋದಳು. ಒಣಗಿದ ಬಟ್ಟೆಯನ್ನು ಬಿಚ್ಚಿ ನೋಡುವುದು, ನಂಬದೆ ಮತ್ತೆ ಕಟ್ಟುವುದು. ಕಾಳವ್ವ ಬಚ್ಚಲ ಬಾಗಿಲ ಹೊರಗಿನಿಂದ, "ನಿಂತೈತೇನ?" ಎಂದು ಕೇಳಿದಳು. "ನಿಂತಂಗ ಐತ್ರಿ ಅತ್ತಿ." ಬಾಗಿಲ ಆಚೆಯಿಂದಲೇ, "ನನಗೂ ಹಿಂಗ ಹೋಗ್ತಿತ್ತು. ಯಾರಿಗೂ ಹೇಳಿದ್ದಿಲ್ಲ" ಎಂದು ಹೇಳಿ ಕಾಳವ್ವ ಅಡುಗೆಮನೆಗೆ ಹೋದಳು. ಪ್ರಮೀಳಾ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಳು.

ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಹಸೀನಾ ಪ್ರಯೋಗ ನಿಲ್ಲಿಸಿ ಹಳೆಯ ಕಡತಗಳನ್ನು ತೆಗೆದಿದ್ದರು. ಎರಡು ವರ್ಷದಲ್ಲಿ ನಲವತ್ತಮೂರು ಹೆಂಗಸರಿಗೆ "ಚಿಕಿತ್ಸೆ ಅಗತ್ಯವಿಲ್ಲ" ಎಂಬ ಮುದ್ರೆ ಬಿದ್ದಿತ್ತು. ಒಬ್ಬೊಬ್ಬರಿಗೂ ಅವರೇ ಫೋನು ಮಾಡಿದರು. ತಪ್ಪು ನನ್ನದು, ಇನ್ನೊಮ್ಮೆ ಬನ್ನಿ ಎಂದರು. ಕೆಲವರು ಬೈದರು. ಹನ್ನೊಂದು ಮಂದಿ ಬೇರೆ ಕಡೆ ಹೋಗಿ ಚೀಲ ತೆಗೆಸಿಯಾಗಿತ್ತು. ಕೆಲವರು ಫೋನು ಎತ್ತಲಿಲ್ಲ. ಬರುತ್ತೇವೆಂದವರು ಹತ್ತೊಂಬತ್ತು ಜನ. ಡಾಕ್ಟರು ಪ್ರಮೀಳಾಳಿಗೂ ಫೋನು ಮಾಡಿ, "ಅವರು ನನ್ನ ಮುಂದ ಬಾಯಿ ಬಿಡಂಗಿಲ್ಲ. ನೀವು ಬಂದು ಕುಂದರ್ತೀರೇನು?" ಎಂದರು.

ಗುರುವಾರ ಅವಳ ರಜೆ. ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕುಳಿತಳು. ಪಕ್ಕದಲ್ಲಿದ್ದವಳು ನವಲಗುಂದ ಕಡೆಯ ಹುಡುಗಿ, ಮೂವತ್ತೂ ಆಗಿರಲಾರದು, ತುಟಿ ಬಿಳಿಚಿತ್ತು. ಹಳೆಯ ವರದಿಯನ್ನು ಸುರುಳಿ ಸುತ್ತಿ ಹಿಡಿದಿದ್ದಳು.

"ಏನೂ ಇಲ್ಲ ಅಂತ ಇದರಾಗ ಬರದಾರ್ರಿ. ಈಗ ಐತಿ ಅಂತಾರ. ನಮ್ಮ ಮನ್ಯಾಗ ಯಾವುದನ್ನೂ ನಂಬವಲ್ರು" ಎಂದಳು ಹುಡುಗಿ. "ನಿಮಗ ಆರಾಮ ಆತೇನ್ರಿ?"

ಪ್ರಮೀಳಾ ಹೌದು ಎನ್ನಲು ಹೊರಟು ನಿಲ್ಲಿಸಿದಳು. ಎಂಟು ಗಂಟು ಇನ್ನೂ ಒಳಗಿದ್ದವು. ಎರಡು ತಿಂಗಳು ಐದೈದು ದಿನಕ್ಕೆ ನಿಂತಿತ್ತು. ಮೂರನೆಯ ತಿಂಗಳ ಮಾತು ಯಾರೂ ಹೇಳಿರಲಿಲ್ಲ.

"ರಕ್ತ ನಿಂತೈತಿ. ಉಳದದ್ದು ಏನಾಗತೈತೋ ನನಗೂ ಗೊತ್ತಿಲ್ಲ ತಂಗಿ" ಎಂದಳು. "ನಿನಗ ಎಷ್ಟು ದಿನ ಹೋಗತೈತಿ?"

ಹುಡುಗಿ ಆಚೀಚೆ ನೋಡಿ, ದನಿ ತಗ್ಗಿಸಿ, "ಹನ್ನೆರಡು" ಎಂದಳು.

"ಜೋರಾಗಿ ಹೇಳು" ಎಂದಳು ಪ್ರಮೀಳಾ. "ಒಳಗ ಹೋದಾಗ ಡಾಕ್ಟರಿಗೆ ಕೇಳಸಬೇಕು."